ಅಂಟಿನ ತೊರೆ

ಶವಪೆಟ್ಟಿಗೆಯ ಮುಚ್ಚಳಕ್ಕೆ ಅಂಗೈ ಬಡಿದು, ನ್ಯೂಜಿಲೆಂಡಿನಿಂದ ಬಂದ ಮಾರಾಮಾ ಬೈಯುತ್ತಿದ್ದಳು. ಇಂಗ್ಲಿಷಿನಲ್ಲಿ, ನಡುನಡುವೆ ತನ್ನ ಮಾವೊರಿ ನುಡಿಯಲ್ಲಿ. “ಹೇಡಿ! ಎಲ್ಲ ನೋಡಿಕೊಂಡು ಸುಮ್ಮನೆ ಕೂತೆ. ಈಗ ಆರಾಮಾಗಿ ಮಲಗಿದ್ದೀಯಾ?”

ಲಂಡನ್ನಿನ ಕ್ರೋಯ್ಡನ್ ಚಿತಾಗಾರದಲ್ಲಿ ಕೂತವರು ತಲೆ ತಗ್ಗಿಸಿದರು. ಹೊರಗೆ ಮುಂದಿನ ಹೆಣದವರು ಕಾಯುತ್ತಿದ್ದರು.

“ಹೆಣಕ್ಕ ಬಯ್ಯೋದು ಯಾವ ಪದ್ಧತಿ, ವೈನಿ?” ಸತ್ತ ಉಮಾಶಂಕರನ ಚಿಕ್ಕಪ್ಪನ ಮಗ, ಡಾಕ್ಟರ್ ಮುಕುಂದ, ಅತ್ತಿಗೆ ಶೋಭಾಳ ಕಿವಿಯಲ್ಲಿ ಕೇಳಿದ.

“ಅವ್ರ ಮಂದ್ಯಾಗ ಹಂಗ. ಮುಖದ ಮುಂದ ಬೈದ್‌ಬಿಡ್ತಾರ. ನಮ್ಮಂಗ ಹದಿಮೂರನೇ ದಿನ ವಡಿ ತಿನ್ಕೋತ ಬೈಯೂದಿಲ್ಲ,” ಎಂದಳು ಗಂಡನನ್ನು ಕಳೆದುಕೊಂಡ ಶೋಭಾ.

ಹೊರಬರುತ್ತಲೇ ಗ್ರೇಮ್ ಅಡ್ಡ ಬಂದ. ಉಮಾಶಂಕರ ದುಡಿಯುತ್ತಿದ್ದ ಕಟ್ಟಡ ಕಂಪನಿಯ ಮಾಲೀಕ. ತಮ್ಮ ಹೊಸ ಕಟ್ಟಡದಲ್ಲೇ ಎಲ್ಲರಿಗೂ ಊಟವಿಟ್ಟಿದ್ದೇವೆ ಎಂದ. ‘ಉಮಾಶಂಕರ ಹೌಸ್’ ಎಂಬ ಬೋರ್ಡು ಪರದೆಯ ಹಿಂದೆ ಸಿದ್ಧವಿದೆ. ಮೇಡಂ ಹೂಂ ಅಂದರೆ ಇವತ್ತೇ ಪರದೆ ಸರಿಸಬಹುದು. ಮುಂದಿನ ವಾರ ಪರಿಸರ ಪ್ರಶಸ್ತಿಯವರು ನೋಡಲು ಬರುತ್ತಾರಂತೆ.

“ಒಪ್ಕೋರಿ ವೈನಿ. ಲಂಡನ್‌ದಾಗ ಗ್ವಾಡಿ ಮ್ಯಾಲೆ ಅಣ್ಣನ ಹೆಸರು! ಸತ್ತ ಮ್ಯಾಲರ ದೊಡ್ಡಾವ ಆಗ್ಲಿ,” ಎಂದ ಮುಕುಂದ.

“ಅಮ್ಮಾ, ಇಟ್ಸ್ ಓನ್ಲಿ ಎ ನೇಮ್,” ಎಂದಳು ಮಗಳು ಪ್ರತೀಕ್ಷಾ. “ಸೇ ಯೆಸ್, ಪ್ಲೀಸ್.”

ಶೋಭಾ ಕಾರು ಹತ್ತಿದಳು.

*

ಉಮಾಶಂಕರ ಕೆಲ ವರ್ಷ ಆಕ್ಲೆಂಡಿನಲ್ಲಿ ಮಾರಾಮಾಳ ಜೊತೆ ಕಟ್ಟಡಗಳ ನಕ್ಷೆ ಬರೆದಿದ್ದ. ಗೆರೆ ಎಳೆಯುವ ಮೊದಲು ಆ ನೆಲದವರ ಜೊತೆ ಕೂರಬೇಕು, ನೀರು ಎಲ್ಲಿ ಹರಿಯುತ್ತಿತ್ತು, ಯಾವ ಹಕ್ಕಿ ಬರುತ್ತಿತ್ತು ಎಂದು ಕೇಳಬೇಕು. ಅಲ್ಲಿ ಕಲಿತದ್ದು ಅದನ್ನೇ. ಮುಂದೆ ಲಂಡನ್ನಿಗೆ ಬಂದು ಗ್ರೇಮ್‌ನ ಕಂಪನಿ ಸೇರಿದ. ಆಕ್ಲೆಂಡಿನಲ್ಲಿ ಹಾಗೆ ಕಟ್ಟಿದ ಕಟ್ಟಡವೊಂದನ್ನು ಕಂಡು ಗ್ರೇಮ್‌ಗೆ ಕ್ರೋಯ್ಡನ್ನಿನಲ್ಲೂ ಅಂಥದ್ದೇ ಬೇಕಾಯಿತು.

“ನಿಮ್ಮ ಸುರುಳಿ ಕೆತ್ತನೆ ಇಲ್ಲಿಗೆ ಬೇಡ. ಕೇಳುವ ಪದ್ಧತಿ ಸಾಕು,” ಎಂದು ಉಮಾಶಂಕರ ಮಾರಾಮಾಳಿಗೆ ಫೋನಿನಲ್ಲಿ ಹೇಳಿದ. ಕ್ರೋಯ್ಡನ್ನಿನ ಆ ನಿವೇಶನದ ಕೆಳಗೆ ಕೊಳವೆಗೆ ತುರುಕಿದ ತೊರೆಯಿತ್ತು. ನಕ್ಷೆಯಲ್ಲಿ ಅದನ್ನು ಮೇಲೆ ತಂದು, ಬಾಗಿಲ ಮುಂದೆ ಹರಿಯಬಿಟ್ಟು, ದಡಕ್ಕೆ ಜೊಂಡು ಬರೆದ.

ಗ್ರೇಮ್ ನಕ್ಷೆಯಿಂದ ತೊರೆಯನ್ನು ಕಿತ್ತುಹಾಕಿದ. ಬೇಡವೆಂದಿದ್ದ ಮಾವೊರಿ ಸುರುಳಿಗಳನ್ನು ಲಿಫ್ಟಿನ ಬಾಗಿಲಿಗೂ ಅಂಟಿಸಿದ.

“ನಕ್ಷೆಯಿಂದ ನನ್ನ ಹೆಸರು ತೆಗೆಯಿರಿ,” ಎಂದಷ್ಟೇ ಉಮಾಶಂಕರ ಹೇಳಿದ. ಕೆಲಸ ಬಿಡಲಿಲ್ಲ. ಮನೆಗೆ ಬಂದು ಚಪಾತಿ ತಿಂದ. “ಮನಿ ಕಂತು ಅದ, ಶೋಭಾ,” ಎಂದ. ಸಾಯುವವರೆಗೆ ಅದೇ ಕಂಪನಿಗೆ ಅಡಿಗೆಮನೆಯ ಕಪಾಟು, ಕಕ್ಕಸಿನ ಬಾಗಿಲು ಬರೆದ.

*

ಕಟ್ಟಡದ ಒಳಗೆ ಗೋಡೆ ತುಂಬ ಪ್ಲಾಸ್ಟಿಕ್ಕಿನ ಜರಿಗಿಡ. ಅದಕ್ಕೆ ಕಾಡಿನ ವಾಸನೆಯ ಸ್ಪ್ರೇ ಹೊಡೆದಿದ್ದರು. ನೆಲದಲ್ಲಿ ಗಾಜಿನಂತೆ ಗಟ್ಟಿಯಾಗುವ ನೀಲಿ ಅಂಟು ಎರೆದು, ಬೆಣಚುಕಲ್ಲು ಹುಗಿದು, ಕೆಳಗಿನಿಂದ ದೀಪ ಹಾಕಿದ್ದರು.

“ನಿಮ್ಮ ಪತಿಯ ತೊರೆ,” ಎಂದ ಗ್ರೇಮ್. “ಸೊಳ್ಳೆಯಿಲ್ಲ, ಖರ್ಚಿಲ್ಲ.”

ಸತ್ತವರ ಬಳಿಯಿಂದ ಬಂದವರು ಕೈ ತೊಳೆಯದೆ ಉಣ್ಣುವುದು ಮಾರಾಮಾಳ ಮಂದಿಯಲ್ಲೂ ಇಲ್ಲ. ನೀರೆಂದೇ ತಿಳಿದು ಬಗ್ಗಿದಳು. ಉಗುರು ಟಕ್ಕೆಂದಿತು. ಅದರ ಮೇಲೆ ಉಗುಳಿದಳು.

ಶೋಭಾ ಊಟದ ಮೇಜಿನಿಂದ ನೀರಿನ ಜಗ್ ತಂದು ಮಾರಾಮಾಳ ಕೈಗೆ ಸುರಿದಳು. ಆಮೇಲೆ ತನ್ನ ಕೈಗೆ.

“ವೈನಿ, ನೆಲಾ! ಮಂದಿ ನೋಡಾಕತ್ತಾರ!”

“ನೋಡ್ಲಿ. ಆ ಗ್ರೇಮ್‌ಗ ಹೇಳು, ಹೆಸರು ಬ್ಯಾಡ ಅಂತ. ಜನ್ಮದಾಗ ನಿಮ್ಮಣ್ಣ ಅವ್ನ ಮುಂದ ಬ್ಯಾಡ ಅಂದದ್ದು ಅದೊಂದ.”

ಚಿತಾಗಾರದಲ್ಲಿ ಕೈಗಂಟಿದ್ದ ಅರಿಶಿನ, ಕುಂಕುಮ ಕದಡಿದ ನೀರು ಅಂಟಿನ ಮೇಲೆ ಜಾರಿತು. ಇಂಗಲು ಎಲ್ಲೂ ಜಾಗವಿಲ್ಲದೆ ತಿರುಗಿ ಕಾರ್ಪೆಟ್ಟಿನ ಕಡೆಗೆ ಹೊರಟಿತು. ಗ್ರೇಮ್ ಒಂದು ಬೂಟು ಎತ್ತಿದ, ಅದನ್ನಿಟ್ಟು ಇನ್ನೊಂದನ್ನು ಎತ್ತಿದ. ಶೋಭಾ ಎರಡನೆಯ ಜಗ್ ಎತ್ತಿಕೊಂಡಳು.