ಯಂತ್ರಗಳೊಡನೆ ತೆಲುಗು ಮಾತಾಡುವ ಕಾಂತರಾಜ್

ಕಾಂತರಾಜ್ ಮನುಷ್ಯರೊಡನೆ ಕನ್ನಡದಲ್ಲಿ ಮಾತಾಡುತ್ತಿದ್ದರು, ಕಂಪ್ಯೂಟರುಗಳೊಡನೆ ತೆಲುಗಿನಲ್ಲಿ. ಬೈರಕೂರಿನಲ್ಲಿ ಹುಟ್ಟಿದ ಅವರ ಮನೆಮಾತು ಅದು. ಆದರೆ ಮುಳಬಾಗಿಲಿನ ಬಾಡಿಗೆ ಕೋಣೆಯಲ್ಲಿ ಒಬ್ಬರೇ ಇದ್ದ ಅವರಿಗೆ ಆ ಮಾತನ್ನು ಆಡಲು ಮನೆಯಲ್ಲಿ ಯಾರೂ ಉಳಿದಿರಲಿಲ್ಲ. ಶ್ರೀನಿವಾಸಪುರದ ನಮ್ಮ ಮಾವು ಬೆಳೆಗಾರರ ಸಂಘದ ಕಚೇರಿಯಲ್ಲಿ ಯಾವುದಾದರೂ ಯಂತ್ರ ಸ್ತಬ್ಧವಾಯಿತೆಂದರೆ, ರಿಪೇರಿಗೆ ಬಂದು ಅದರ ನೆತ್ತಿಯ ಮೇಲೆ ಅಂಗೈಯಿಟ್ಟು, ಜ್ವರ ಬಂದ ಮಗುವನ್ನು ವಿಚಾರಿಸುವಂತೆ, "ಏಮೈಂದಿ ರಾ ನೀಕು?" ಎಂದು ಮೆಲ್ಲಗೆ ಕೇಳುತ್ತಿದ್ದರು. ಏನಾಯಿತೋ ನಿನಗೆ ಎಂಬ ಆ ಪ್ರಶ್ನೆಯನ್ನು ಅವರು ನಮ್ಮಲ್ಲಿ ಯಾರನ್ನೂ ಕೇಳಿದವರಲ್ಲ. ನಾವೂ ಅವರನ್ನು ಕೇಳಿರಲಿಲ್ಲ.

ಐವತ್ತು ದಾಟಿದ ಕೃಶ ಶರೀರ. ಮೇ ತಿಂಗಳ ಬಿಸಿಲಿನಲ್ಲೂ ಮೈಮೇಲೊಂದು ಕಡುನೀಲಿ ಕೋಟು. ಎಂದೋ ಮುಚ್ಚಿಹೋದ ಕಂಪನಿಯೊಂದು ಕೊಟ್ಟದ್ದು. ಜೇಬಿನ ಮೇಲಿನ ಹೆಸರಿನ ದಾರವನ್ನು ಅವರೇ ಬಿಚ್ಚಿ ತೆಗೆದಿದ್ದರೂ ಸೂಜಿಯ ತೂತುಗಳು ಆ ಹೆಸರನ್ನು ಇನ್ನೂ ಬಿಟ್ಟುಕೊಟ್ಟಿರಲಿಲ್ಲ. ನೆಲದ ಮೇಲೆ ತಂತಿಗಳಿಲ್ಲದ ಕಡೆಯಲ್ಲೂ ಗೋಡೆಯಂಚಿಗೇ ಸರಿದು ನಡೆಯುವರು. ಬಂದ ಕೂಡಲೇ ಕೀಲಿಮಣೆಯನ್ನು ಮುಟ್ಟುತ್ತಿರಲಿಲ್ಲ. ಸ್ಟೂಲು ಎಳೆದುಕೊಂಡು, ಕೈಕಟ್ಟಿ, ಯಂತ್ರ ತಮ್ಮೆದುರೇ ನಿಂತುಹೋಗುವ ತನಕ ತಪಸ್ಸಿಗೆ ಕೂತವರಂತೆ ಕಾಯುವರು. ನಾನು ಅವಸರಪಡಿಸಿದರೆ, "ನನ್ ಕಣ್ಮುಂದೆ ನಿಂತ್ಕೋಬೇಕು ಸಾರ್. ಯಾರೋ ಹೇಳಿದ್ದು ಕೇಳಿ ಔಷ್ದಿ ಕೊಡೋಕಾಗಲ್ಲ" ಎನ್ನುತ್ತಿದ್ದರು. ಮಾಲೂರಿನ ಇಟ್ಟಿಗೆ ಗೂಡಿನ ಕಚೇರಿಯೊಂದರಲ್ಲಿ ಯಂತ್ರ ಅವರೆದುರು ದಿನವಿಡೀ ಸಾಧುವಾಗಿ ನಡೆದುಬಿಟ್ಟಿತಂತೆ. ಮರುದಿನ ಮೊದಲ ಬಸ್ಸಿಗೆ ಹೋಗಿ ಅದೇ ಸ್ಟೂಲಿನ ಮೇಲೆ ಕೂತರು, ಹನ್ನೊಂದಕ್ಕೆ ಅದು ನಿಂತಿತು. ಈ ವೃತ್ತಾಂತವನ್ನು ಅವರು ಎಷ್ಟು ಸಂಭ್ರಮದಿಂದ ಹೇಳುತ್ತಿದ್ದರೆಂದರೆ, ಬೇರೆಯವರು ಮಗಳ ಮದುವೆಯನ್ನೂ ಹಾಗೆ ವರ್ಣಿಸಿದ್ದನ್ನು ನಾನು ಕೇಳಿಲ್ಲ.

ನಮ್ಮ ಕಚೇರಿಯಲ್ಲಿ ಅವರನ್ನು ಮನುಷ್ಯರೆಂದು ಕಂಡವರು ಒಬ್ಬರೇ, ಟೈಪಿಸ್ಟ್ ಭಾರತಮ್ಮ. ಕಾಂತರಾಜ್ ಬಂದ ದಿನ ತಮ್ಮ ಡಬ್ಬಿಯ ಮುಚ್ಚಳಕ್ಕೆ ಚಿತ್ರಾನ್ನ ಹಾಕಿಕೊಟ್ಟು, "ತಿಂದು ಕೂತ್ಕೊಳಪ್ಪ, ಅದೇನು ಓಡೋಗಲ್ಲ" ಎನ್ನುತ್ತಿದ್ದರು. ಭಾರತಮ್ಮ ಹೋದ ವರ್ಷ ತೀರಿಕೊಂಡರು. ಅವರ ಕಂಪ್ಯೂಟರು ಮಾತ್ರ ಮೂಲೆಯಲ್ಲಿ ಉಳಿದು, ಎಲ್ಲರ ಕಡತಗಳನ್ನೂ ಇಟ್ಟುಕೊಳ್ಳುವ ಪೆಟ್ಟಿಗೆಯಾಗಿ ದುಡಿಯುತ್ತಿತ್ತು.

ಈ ವರ್ಷ ಎಲ್ಲ ಯಂತ್ರಗಳ ಆಪರೇಟಿಂಗ್ ಸಿಸ್ಟಂ ಅಪ್‌ಗ್ರೇಡ್ ಆಗಬೇಕೆಂದು ಆದೇಶ ಬಂತು. ಕಾಂತರಾಜ್ ನಾಲ್ಕು ಯಂತ್ರಗಳಿಗೆ ಹೊಸದನ್ನು ಹಾಕಿದರು. ಭಾರತಮ್ಮನವರ ಮುದಿಯಂತ್ರ ಅದನ್ನು ತಾಳದೆಂದು, ಅದರೊಳಗಿನದನ್ನೆಲ್ಲ ಬೇರೊಂದಕ್ಕೆ ತುಂಬಿ ಗುಜರಿಗೆ ಕಳಿಸಿದೆವು. ಮರುದಿನದಿಂದ ನಾಲ್ಕೂ ನಿಲ್ಲತೊಡಗಿದವು. ಕಡತವೊಂದನ್ನು ತೆರೆದರೆ ಸಾಕು, ಮೂರು ನಿಮಿಷ ಪರದೆ ನಿಶ್ಚಲ. ಮಾವಿನ ಲಾರಿಗಳಿಗೆ ಚೀಟಿ ಸಿಗದೆ ಬೆಳೆಗಾರರು ಬಾಗಿಲಲ್ಲಿ ಕೂಗಾಡಿದರು. ಸಂಘದ ಅಧ್ಯಕ್ಷ ದೊಡ್ಡಮುನಿಯಪ್ಪನವರು ವ್ಯವಸ್ಥಾಪಕನಾದ ನನ್ನನ್ನು ಕರೆದು, "ಶುಕ್ರವಾರದೊಳ್ಗೆ ಸರಿ ಹೋಗ್ಬೇಕು. ಇಲ್ಲಾಂದ್ರೆ ಆ ಕೋಟಿನೋನ್ನ ಬಿಟ್ಬಿಡಿ. ಬೆಂಗ್ಳೂರ್ ಕಂಪ್ನಿಯೋರು ಕೂತಲ್ಲಿಂದ್ಲೇ ರಿಪೇರಿ ಮಾಡ್ತಾರಂತೆ, ಯಾರೂ ಬರೋದೇ ಬೇಕಿಲ್ವಂತೆ" ಎಂದರು. ಯಾರೂ ಬರಬೇಕಿಲ್ಲದ ಆ ವ್ಯವಸ್ಥೆ ಅವರಿಗೆ ಬಹಳ ಹಿಡಿಸಿತ್ತು. ಕಾಂತರಾಜರಿಗೆ ನಮ್ಮ ಕಚೇರಿ ತಪ್ಪಿದರೆ, ಮನುಷ್ಯರ ನಡುವೆ ಕೂರಲು ಉಳಿಯುವ ಸ್ಟೂಲುಗಳು ಬಹಳವಿಲ್ಲವೆಂದು ನನಗೆ ಗೊತ್ತಿತ್ತು.

ಮೂರು ದಿನ ಬಂದರು, ಕೂತರು. ಕೇಬಲ್ ಬದಲಿಸಿದರು, ಬೇಡದ ಪ್ರೋಗ್ರಾಂಗಳನ್ನು ಕಿತ್ತರು. ಶುಕ್ರವಾರ ಮಧ್ಯಾಹ್ನ, ನಿಂತ ಪರದೆಯನ್ನು ನೋಡುತ್ತಿದ್ದವರು ಥಟ್ಟನೆ ಎದ್ದು ನನ್ನ ಮೇಜಿಗೆ ಬಂದರು.

"ನಂದೇ ತಪ್ಪು ಸಾರ್. ಭಾರತಮ್ಮನೋರ ಮಿಷಿನ್ ತೆಗೆದೆ, ಅದಕ್ಕಿದ್ದ ದಾರಿ ಅಳಿಸ್ಲಿಲ್ಲ. ಇವು ನಾಲ್ಕೂ ಏನ್ ತೆಗೆಯೋಕ್ ಹೋದ್ರೂ ಮೊದ್ಲು ಅದನ್ನ ಹುಡುಕ್ತವೆ. ಅದು ಉತ್ರ ಕೊಡಲ್ಲ. ಇವು ಕಾಯ್ತವೆ."

"ಮತ್ತೆ ಇಷ್ಟು ದಿನ?"

"ನೆಟ್‌ವರ್ಕಲ್ಲಿ ಭಾರತಮ್ಮ ಅನ್ನೋ ಹೆಸ್ರು ದಿನಾ ನೋಡ್ದೆ ಸಾರ್. ಅವರು ಇದಾರೆ ಅನ್ನೋ ಅಭ್ಯಾಸ. ಅನುಮಾನಾನೇ ಬರ್ಲಿಲ್ಲ."

ಹಿಂತಿರುಗಿ ಯಂತ್ರದ ಮುಂದೆ ಕೂತರು. ಅಳಿಸುವ ಮುನ್ನ ಅದರ ನೆತ್ತಿಯ ಮೇಲೆ ಕೈಯಿಟ್ಟು, "ವೆತಕೊದ್ದು ರಾ, ಆಯಮ್ಮ ಇಂಕ ರಾದು" ಎಂದರು. ಹುಡುಕಬೇಡ ಕಣೋ, ಆಯಮ್ಮ ಇನ್ನು ಬರೋದಿಲ್ಲ. ನಾನು ಕಡತವೊಂದರಲ್ಲಿ ಮುಖ ಹುದುಗಿಸಿಕೊಂಡೆ.

ಯಂತ್ರಗಳು ಸರಿಹೋದವು. ಕಾರಣವೇನೆಂದು ಅಧ್ಯಕ್ಷರು ಕೇಳಿದಾಗ ಏನಾದರೊಂದು ಹೇಳಿ ಮುಚ್ಚಬಹುದಿತ್ತು. ಪಕ್ಕದಲ್ಲೇ ಇದ್ದ ಕಾಂತರಾಜ್ ನನಗಿಂತ ಮೊದಲು, "ನಂದೇ ತಪ್ಪು" ಎಂದುಬಿಟ್ಟರು. ಅಷ್ಟು ಸಾಕಾಯಿತು. ಅವರ ಸೇವೆ ಸಾಕೆಂಬ ಪತ್ರಕ್ಕೆ ನಾನೇ ಸಹಿ ಹಾಕಿದೆ. ಹಾಕಬಾರದಿತ್ತು. ಅವರು ಅದನ್ನು ಮಡಿಸಿ, ಸೂಜಿತೂತುಗಳ ಜೇಬಿನಲ್ಲಿಟ್ಟುಕೊಂಡು, ಗೋಡೆಯಂಚಿಗೇ ನಡೆದು ಹೊರಟುಹೋದರು.

ತಿಂಗಳು ಕಳೆದ ಮೇಲೆ, ಮನಸ್ಸು ತಡೆಯದೆ ಫೋನ್ ಮಾಡಿದೆ. ಮೊದಲ ಗಂಟೆಗೇ ಎತ್ತಿದರು.

"ಯಾವ್ದು ನಿಂತೋಯ್ತು ಸಾರ್? ಈಗ್ಲೇ ಬಸ್ ಹತ್ಲಾ?"

"ಯಾವುದೂ ನಿಂತಿಲ್ಲ. ನೀವು ಹೇಗಿದೀರಿ ಅಂತ ಕೇಳೋಣ ಅಂತ ಮಾಡ್ದೆ."

ಕರೆ ಕಡಿದುಹೋಯಿತೆಂದುಕೊಂಡೆ. ನಾನೂ ಅವರ ಹಾಗೆ ಕಾದೆ. ಆಮೇಲೆ, ಅದುವರೆಗೆ ನನ್ನೊಡನೆ ಎಂದೂ ಆಡದ ಭಾಷೆಯಲ್ಲಿ, "ಬಾಗುನ್ನಾ ಸಾರ್" ಎಂದರು. ಚೆನ್ನಾಗಿದೀನಿ ಸಾರ್.

ಕೆಟ್ಟಾಗ ಮಾತ್ರ ಕರೆಸಿಕೊಳ್ಳುವವರ ಕುಲವೊಂದು ಪ್ರತಿ ಊರಲ್ಲೂ ಇದೆ. ಲೋಕ ಕ್ಷೇಮವಾಗಿರುವ ದಿನ ಅವರ ಹೆಸರು ಯಾರ ನಾಲಗೆಯ ಮೇಲೂ ಬರುವುದಿಲ್ಲ. ತಮ್ಮ ಕೆಲಸವನ್ನು ಚೆನ್ನಾಗಿ ಮಾಡಿದಷ್ಟೂ ಅವರು ತಮ್ಮ ಏಕಾಂತವನ್ನೇ ಬೆಳೆಸಿಕೊಳ್ಳುತ್ತಾರೆ. ಕಾಂತರಾಜ್ ಬಹಳ ಚೆನ್ನಾಗಿ ಕೆಲಸ ಮಾಡಿದ್ದರು. ನಮ್ಮ ಯಂತ್ರಗಳು ಆಮೇಲೆ ಒಮ್ಮೆಯೂ ನಿಂತಿಲ್ಲ.