ತೆಪ್ಪದ ಮುಂದಿನ ಸಭೆ

“ಹಂಗಾರ ಎಲ್ಲಾರೂ ಒಪ್ಪಿದಂಗಾತು” ಎಂದು ಸಂಗನಬಸವ ಮೇಜಿನ ಮೇಲಿನ ನಕ್ಷೆಯನ್ನು ಸುತ್ತತೊಡಗಿದ. ಪಂಚಾಯಿತಿ ಸದಸ್ಯರೆಲ್ಲ ಚಾ ಕುಡಿಯುತ್ತಲೇ ತಲೆಯಾಡಿಸಿದ್ದರು. ಆಡಿಸದೆ ಉಳಿದದ್ದು ಅಧ್ಯಕ್ಷೆ ಮುರಿಗೆವ್ವನ ತಲೆಯೊಂದೇ. ಆಕೆ ಸೆರಗು ಸರಿಮಾಡಿಕೊಂಡು, ತೆಪ್ಪದವರನ್ನು ಯಾರಾದರೂ ಒಂದು ಮಾತು ಕೇಳಿದಿರಾ ಎಂದಳು. ಸಭೆ ಮುಗಿಯುವ ಹೊತ್ತಿಗೆ ಇಂಥ ಪ್ರಶ್ನೆ ಎತ್ತುವುದೆಂದರೆ ಉಣ್ಣಲು ಕೂತವರ ಮುಂದಿನ ತಾಟು ಎತ್ತಿಟ್ಟ ಹಾಗೆ. ಎಲ್ಲರ ಮುಖವೂ ಸಪ್ಪಗಾಯಿತು.

ಸಂಗನಬಸವ ಕೆಟ್ಟವನಲ್ಲ, ಅದನ್ನು ಮೊದಲೇ ಹೇಳಿಬಿಡಬೇಕು. ದ್ರಾಕ್ಷಿ ತೋಟದ ಸಾವುಕಾರ. ಕೈ ದೊಡ್ಡದು, ಬಾಯಿ ಅದಕ್ಕಿಂತ ದೊಡ್ಡದು. ಕೆರೆ ದಂಡೆಗೆ ಕಲ್ಲು ಹಾಸಿ, ಬೆಂಚು ಹಾಕಿ, ಸಂಜೆ ಊರ ಹೆಂಗಸರು ಮಕ್ಕಳು ಅಡ್ಡಾಡುವಂತೆ ಮಾಡಬೇಕೆಂದು ಅವನಿಗೆ ಬಹಳ ಆಸೆ. ಅದಕ್ಕಾಗಿ ಬಬಲೇಶ್ವರಕ್ಕೂ ವಿಜಯಪುರಕ್ಕೂ ಓಡಾಡಿ, ಸಾಹೇಬರ ಬಾಗಿಲು ಕಾದು ಕೆಲಸ ಮಂಜೂರು ಮಾಡಿಸಿದವನೂ ಅವನೇ. ಅವನ ಹಾದಿಗೆ ಅಡ್ಡ ಬಂದದ್ದು ಮೆಟ್ಟಿಲ ಹತ್ತಿರ ದಂಡೆಯ ಮೇಲೆ ಬೋರಲು ಬಿದ್ದಿದ್ದ ನಾಲ್ಕು ತೆಪ್ಪ, ಬುಟ್ಟಿಯಂಥ ದುಂಡನೆಯವು. ಅವನ್ನು ತೂಬಿನಾಚೆಯ ಮೂಲೆಗೆ ಸರಿಸಿದರೆ ಮುಗಿಯಿತು ಎಂದು ಅವನ ಲೆಕ್ಕ. ಆ ಮೂಲೆಯಲ್ಲಿ ಜಾಲಿ ಕಂಟಿ, ಹಂದಿ, ಊರ ಕಸ, ಅದರಡಿ ಹಾವು.

ಕಾಲುವೆ ನೀರು ಬಂದು ಕೆರೆ ತುಂಬುವ ತನಕ ಆ ಊರಿನವರು ತೆಪ್ಪ ನೋಡಿದ್ದು ಕ್ಯಾಲೆಂಡರಿನ ಚಿತ್ರದಲ್ಲಿ. ನೀರು ಬಂತು, ನೀರಿಗೆ ಮೀನು ಬಿಟ್ಟರು, ಮೀನಿನ ಬೆನ್ನಿಗೆ ಹೊಳೆ ದಂಡೆಯ ನಾಲ್ಕು ಕುಟುಂಬ ಬಂದವು. ಒಂದೊಂದು ಕುಟುಂಬಕ್ಕೆ ಎರಡು ತೆಪ್ಪ. ಚಿಕ್ಕದು ಬಲೆ ಬಿಡುವುದಕ್ಕೆ. ದೊಡ್ಡದು ಸೋರತೊಡಗಿದ ಮೇಲೆ ನೀರು ಬಿಟ್ಟು ದಂಡೆ ಹತ್ತಿದ್ದು. ಅದನ್ನು ಬೋರಲು ಹಾಕಿ, ಒಂದು ಬದಿಗೆ ಕವೆಗೋಲು ಕೊಟ್ಟು ಎತ್ತಿ, ಅದರಡಿಗೆ ಸಂಸಾರ. ಮಳೆ ಬಂದರೆ ಕವೆಗೋಲು ತೆಗೆದರಾಯಿತು, ಬಾಗಿಲು ಹಾಕಿದಂತೆ.

“ಅಲ್ರಿ ಅಕ್ಕಾರ,” ಸಂಗನಬಸವ ಸಮಾಧಾನದಿಂದಲೇ ಹೇಳಿದ, “ಊರಾಗ ಮನಿ ಇದ್ದವರನ್ನ ಕೇಳೂದು ಪದ್ಧತಿ. ಅವರಿಗೆ ಮನಿ ಎಲ್ಲೈತಿ? ಇವತ್ತ ನಮ್ಮ ಕೆರಿ, ನಾಳಿ ಮತ್ತೊಂದ ಕೆರಿ.”

ಮೀನು ಮೂಸಿಯೂ ನೋಡದ ನಿಮಗೆ ಅವರ ಉಸಾಬರಿ ಯಾಕೆ ಎಂದು ಇನ್ನೊಬ್ಬರು ನಕ್ಕರು. ಮುರಿಗೆವ್ವ ನಗಲಿಲ್ಲ. ನಾಳೆ ಬೆಳಿಗ್ಗೆ ಸಭೆ ದಂಡೆಯ ಮೇಲೆಯೇ ಆಗಲಿ, ಅಲ್ಲಿಯವರೆಗೆ ತನ್ನ ಸಹಿ ಇಲ್ಲ ಎಂದಳು. ಪಂಚಾಯಿತಿಯ ಅಧಿಕಾರಿ ಮೇಘಾ ಮೇಡಂ ಕಡೆಗೆ ಎಲ್ಲರೂ ತಿರುಗಿದರು, ಆಕೆಯಾದರೂ ಕಾನೂನು ಹೇಳಿ ತಡೆದಾಳೆಂದು. ದಂಡೆಯ ಮೇಲೆ ಕೂರಬಾರದೆಂದು ಎಲ್ಲೂ ಇಲ್ಲ ಎಂದು ಆ ಹುಡುಗಿ ಹೇಳಿಬಿಟ್ಟಳು. ಈ ಮುರಿಗೆವ್ವನ ಸ್ವಭಾವವೇ ಹೀಗೆ. ಮೀಸಲಾತಿಯಲ್ಲಿ ಕುರ್ಚಿ ಬಂತು, ಸುಮ್ಮನೆ ಕೂತು ಹೋಗುತ್ತಾಳೆ ಎಂದುಕೊಂಡವರೆಲ್ಲ ಒಬ್ಬೊಬ್ಬರಾಗಿ ಬೆಪ್ಪಾಗಿದ್ದರು.

ಅದೇ ಸಂಜೆ ಹೊಲದಿಂದ ಬರುತ್ತ ಆಕೆ ದಂಡೆಗೆ ಹೋದಳು. ಸುದ್ದಿ ಆಕೆಗಿಂತ ಮೊದಲೇ ಹೋಗಿತ್ತು. ತೆಪ್ಪದವರಲ್ಲೊಬ್ಬನಾದ ಕರೆಪ್ಪನ ಹೆಂಡತಿ ಸತ್ಯವ್ವ ಭಾಂಡಿಗಳನ್ನು ಚೀಲಕ್ಕೆ ತುಂಬುತ್ತಿದ್ದಳು. ಒಳಗೆ ಕೌದಿಯ ಮೇಲೆ ಮಗಳು ಕಾವ್ಯಾ, ಮಗ್ಗುಲಲ್ಲಿ ಹಸಿಗೂಸು. ಹೆರಿಗೆಗೆಂದು ತವರಿಗೆ ಬಂದವಳು. ಬಾಣಂತಿಯನ್ನು ಆ ಹಾವಿನ ಮೂಲೆಯಲ್ಲಿ ಹೇಗೆ ಮಲಗಿಸಲಿ, ಬೇರೆ ಕೆರೆ ಹುಡುಕಿ ಹೋಗೋಣವೆಂದರೆ ಹಸಿಗೂಸು ಹೊತ್ತು ಎಲ್ಲಿಗೆ ಹೋಗಲಿ ಎಂದು ಸತ್ಯವ್ವ ಕೇಳಿದಳು. ನಾಳೆ ಬಂದವರ ಎದುರು ಇದನ್ನೇ ಹೇಳು ಎಂದಳು ಮುರಿಗೆವ್ವ.

“ಏನ್ ಹೇಳಲ್ರೆವ್ವಾ?” ಸತ್ಯವ್ವ ಕೈಯಲ್ಲಿದ್ದ ತಾಟು ಕೆಳಗಿಟ್ಟಳು. “ಎದ್ದ ಹೋಗ್ರಿ ಅನ್ನೂದು ಕೇಳಿ ಗೊತ್ತೈತಿ. ಎಲ್ಲಿರ್ತೀರಿ ಅಂತ ಯಾರೂ ಕೇಳಿಲ್ಲ. ಕೇಳಿದ್ರ ಬಾಯಿ ಬರತೈತೋ ಇಲ್ಲೋ.”

ಧೈರ್ಯ ಹೇಳುವ ಹುಸಿ ಮಾತು ಮುರಿಗೆವ್ವನಿಗೆ ಬಾರದು. ಕೂಸಿನ ಹಣೆ ಮುಟ್ಟಿ, ಎದ್ದು ಬಂದಳು.

ಮರುದಿನ ತೆಪ್ಪದವರು ಬಲೆ ಎತ್ತಿ, ಮೀನು ಕೊಟ್ಟು ಕಳಿಸುವ ಹೊತ್ತಿಗೆ ಸದಸ್ಯರು ಬಂದರು. ಸತ್ಯವ್ವ ನಸುಕಿನಲ್ಲೇ ತೆಪ್ಪದ ಮುಂದೆ ಸಗಣಿ ಸಾರಿಸಿ, ಅಂಗೈಯಷ್ಟು ರಂಗೋಲಿ ಎಳೆದಿದ್ದಳು. ನಾಲ್ಕೂ ಕುಟುಂಬದವರು ಒಂದು ಬದಿಗೆ ಮುದುಡಿ ನಿಂತಿದ್ದರು. ಸಂಗನಬಸವ ಕಿವಿಗೆ ಮೊಬೈಲು ಹಚ್ಚಿ, ಕಲ್ಲು ಕಳಿಸದ ಗುತ್ತಿಗೆದಾರನನ್ನು ಬಯ್ಯುತ್ತಲೇ ಬಂದ. ಬಯ್ಯುತ್ತಲೇ ಸಾರಿಸಿದ ನೆಲದ ಅಂಚಿಗೆ ಬಂದವನು ಎಡಗಾಲಿನದೊಂದು, ಬಲಗಾಲಿನದೊಂದು ಚಪ್ಪಲಿ ಕಳಚಿ ಬಿಟ್ಟು ಒಳಗೆ ಬಂದ. ಹಿಂದಿದ್ದವರೂ ಬಿಟ್ಟರು. ಯಾರೂ ಯಾರ ಮುಖವನ್ನೂ ನೋಡಿ ಮಾಡಿದ್ದಲ್ಲ. ಹುಟ್ಟಿದಾಗಿನಿಂದ ಬಂದ ರೂಢಿ.

ಮುರಿಗೆವ್ವ ಅವನು ಮೊಬೈಲು ಜೇಬಿಗಿಡುವ ತನಕ ಕಾದಳು.

“ಸಾವ್ಕಾರ, ಚಪ್ಪಲಿ ಯಾಕ ಬಿಟ್ರಿ?”

ಸಂಗನಬಸವ ತನ್ನ ಕಾಲು ನೋಡಿಕೊಂಡ. “ಯಾಕಂದ್ರ? ಮನಿ ಮುಂದ ಸಾರಿಸ್ಯಾರ, ಹಂಗ ಹೆಂಗ ತುಳೀ…”

ಒಳಗೆ ಕೂಸು ಕುಂಯ್‌ಗುಟ್ಟಿತು. ಸಂಗನಬಸವ ಒಮ್ಮೆ ತೆಪ್ಪದ ಕಡೆ, ಒಮ್ಮೆ ಮುರಿಗೆವ್ವನ ಕಡೆ ನೋಡಿ ಟವೆಲಿನಿಂದ ಕುತ್ತಿಗೆ ಒರೆಸಿಕೊಂಡ. ಈಗ ಬಾಯಿ ಜೋರು ಮಾಡಿ ಜಾರಿಕೊಳ್ಳಬಹುದಿತ್ತು, ಅವನಿಗೆ ಅದು ಬಾರದ್ದೇನಲ್ಲ. ಜಾರಿಕೊಳ್ಳಲಿಲ್ಲ; ಅಷ್ಟರಮಟ್ಟಿಗೆ ಗಂಡಸು. ಅಲ್ಲೇ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, “ಹೇಳವಾ ತಂಗಿ, ನಿಮಗ ಎಲ್ಲಿದ್ರ ಛಲೋ?” ಎಂದ.

ಸತ್ಯವ್ವನಿಗೆ ನಿಜಕ್ಕೂ ಬಾಯಿ ಬರಲಿಲ್ಲ. ಸೆರಗಿನ ತುದಿ ಹಿಂಡುತ್ತ ನಿಂತಳು. ಆಗ ಕರೆಪ್ಪನೇ ಮುಂದೆ ಬಂದು, ರಸ್ತೆ ಬದಿ ಕೊಟ್ಟರೆ ಅನುಕೂಲ, ಮೀನು ಒಯ್ಯುವ ಗಾಡಿ ನಿಲ್ಲುತ್ತದೆ ಎಂದ. ಅಷ್ಟು ಸಾಕಾಯಿತು. ಗಾಡಿ ಬರುವುದು ಬೆಳಿಗ್ಗೆ ಒಂದು ತಾಸು, ಬಾಣಂತಿ ಧೂಳು ತಿನ್ನುವುದು ದಿನವೆಲ್ಲ, ನಿನಗೇನು ಗೊತ್ತು ಎಂದು ಸತ್ಯವ್ವ ತಿರುಗಿದಳು. ಮೆಟ್ಟಿಲ ಹತ್ತಿರ ಕಂಬದ ದೀಪ ಇದೆ, ಅಲ್ಲಿಂದ ಕದಲುವುದಿಲ್ಲ ಎಂದಳು. ಉಳಿದ ಮೂರು ಕುಟುಂಬಗಳೂ ಬಾಯಿ ಹಾಕಿದವು, ಅವರಲ್ಲೂ ಎರಡು ಪಕ್ಷ. ಸದಸ್ಯರ ಕುತ್ತಿಗೆ ಆ ಕಡೆ ಈ ಕಡೆ ತಿರುಗಿ ನೋವು ಬಂತು. ಇದೇನು ಗಲಾಟೆ ಎಂದು ಒಬ್ಬರು ಗೊಣಗಿದ್ದಕ್ಕೆ, ನಮ್ಮ ಸಭೆಗಳಲ್ಲಿ ಇಷ್ಟು ಮಾತು ಎಂದಾದರೂ ಆಗಿದೆಯೇ ಎಂದು ಮುರಿಗೆವ್ವ ಖುಷಿಯಿಂದ ಕೇಳಿದಳು.

ಸಂಗನಬಸವ ಜಾಲಿ ಕಡ್ಡಿ ಮುರಿದು ನೆಲದ ಮೇಲೆ ಗೆರೆ ಎಳೆದ. ಹಾದಿ ತೆಪ್ಪಗಳ ಹಿಂದಿನಿಂದ ಬಳಸಿ ಹೋಗಬಹುದು, ತೆಪ್ಪಗಳು ನೀರಿನ ಬದಿಗೆ ಇದ್ದಲ್ಲಿಯೇ ಇರಬಹುದು. ಸತ್ಯವ್ವನದೊಂದು ಮಾತ್ರ ದೀಪದ ಕಂಬದ ಆಚೆ ಮಗ್ಗುಲಿಗೆ ಸರಿಯಬೇಕು. ಸತ್ಯವ್ವ ಬಗ್ಗಿ ನೋಡಿದಳು. ಗೆರೆಯ ಪಕ್ಕ ಅವನು ಹಾಕಿದ್ದ ಎರಡು ಚೌಕ ಏನೆಂದು ಕೇಳಿದಳು. ಬೆಂಚು ಎಂದ.

“ಅವು ಬ್ಯಾಡ್ರಿ ಸಾವ್ಕಾರ್ರ. ಬೆಂಚ ಹಾಕಿದ್ರ ಗಂಡಸರು ಕುಂತ ನಮ್ಮ ಅಡಗಿ ನೋಡಕೋತ ಇರತಾರ.”

ಅವಳಿಗೆ ಬಾಯಿ ಬಂದಿತ್ತು. ಸಂಗನಬಸವ ಅಕ್ಕರೆಯ ಬೆಂಚುಗಳನ್ನು ಒಂದು ಕ್ಷಣ ನೋಡಿ, ಅಂಗೈಯಿಂದ ಅಳಿಸಿದ. ಮೇಘಾ ಠರಾವು ಬರೆದುಕೊಂಡಳು, ನಾಲ್ಕೂ ಕುಟುಂಬದವರ ಹೆಸರು ಕೇಳಿ ಬರೆದಳು.

ಸರಿಸುವುದಾದರೆ ಬಿಸಿಲೇರುವ ಮುಂಚೆ ಈಗಲೇ ಸರಿಸೋಣ ಎಂದ ಕರೆಪ್ಪ. ಕಾವ್ಯಾ ಕೂಸಿನೊಂದಿಗೆ ಪಕ್ಕದ ತೆಪ್ಪದ ನೆರಳಿಗೆ ಹೋದಳು. ಕರೆಪ್ಪ, ಅವನ ಜೊತೆಯವರಿಬ್ಬರು ಅಂಚು ಹಿಡಿದರು, ನಾಲ್ಕನೆಯ ಬದಿಗೆ ಆಳು ಸಾಲಲಿಲ್ಲ. ಸಂಗನಬಸವ ತೋಳು ಮಡಿಚಿ ಕೆಳಗೆ ಹೊಕ್ಕ. ತೆಪ್ಪಕ್ಕೆ ಬಳಿದಿದ್ದ ಡಾಂಬರು ಅವನ ಬಿಳಿ ಅಂಗಿಗೆ ಮೆತ್ತಿತು. ನಾಲ್ವರೂ ತೆಪ್ಪವನ್ನು ತಲೆಯ ಮೇಲೆ ಹೊತ್ತು ಕಂಬ ದಾಟಿ ಹೊಸ ಜಾಗಕ್ಕೆ ಬರುವಷ್ಟರಲ್ಲಿ, ಸತ್ಯವ್ವ ಅವರಿಗಿಂತ ಮೊದಲೇ ಬಂದು ಬುಟ್ಟಿಯಲ್ಲಿ ಉಳಿದಿದ್ದ ಸಗಣಿಯಿಂದ ನೆಲ ಸಾರಿಸುತ್ತಿದ್ದಳು. ಅವರ ಕಾಲುಗಳು ಹತ್ತಿರ ಬಂದದ್ದು ಕಂಡು ತಲೆ ಎತ್ತದೆಯೇ ಹೇಳಿದಳು: “ನಿಂದರ್ರಿ, ಒಣಗಲಿ. ಯಾರೂ ಕಾಲಿಡಬ್ಯಾಡ್ರಿ.”

ಅವರು ನಿಂತರು. ಹಸಿ ನೆಲದ ಅಂಚಿನಾಚೆ, ತಲೆಯ ಮೇಲೆ ಮನೆ ಹೊತ್ತುಕೊಂಡು, ಬರಿಗಾಲಲ್ಲಿ.