ಅಟ್ಟದ ಮೇಲಿದ್ದ ಎಂಟುಮೂಲೆ ಡಬ್ಬಿಗಳು

ಉವಾಂಕಾಯೊ ಪೇಟೆಯ ಹಾರ್ಡ್‌ವೇರ್ ಅಂಗಡಿಯೊಂದರ ಕೌಂಟರಿನ ಹಿಂದೆ ಇಪ್ಪತ್ತಾರು ವರ್ಷ ನಿಂತವನಿಗೆ ಎರಡು ವಿದ್ಯೆಗಳು ಯಾರೂ ಕಲಿಸದೆ ಬಂದುಬಿಡುತ್ತವೆ. ಮೊಳೆಯನ್ನು ಅಂಗೈಯಲ್ಲಿ ಎತ್ತಿ ನೋಡಿಯೇ ತೂಕ ಹೇಳುವುದು ಒಂದು. ತಲೆಯನ್ನೂ ಎತ್ತದೆ "ಇಲ್ಲ, ಗುರುವಾರ ಬರುತ್ತೆ" ಅನ್ನುವುದು ಇನ್ನೊಂದು. ನಿಕನೋರ್ ಎರಡರಲ್ಲೂ ಪಳಗಿದ್ದ. ನಲ್ಲಿಯ ವಾಷರ್ ಕೇಳಿದವರನ್ನು "ಹಳೇದು ತಂದಿದ್ದೀರಾ?" ಎಂದು ಕೇಳುವನು. ತಂದಿಲ್ಲವೆಂದರೆ ಮನೆಗೆ ಅಟ್ಟುವನು, ತಂದಿದ್ದರೆ "ಇದು ಯಾವ ಕಾಲದ್ದು ಸ್ವಾಮಿ?" ಎಂದು ನಗುವನು. ದೇವರು ವರ ಕೊಟ್ಟರೂ ಪೂಜಾರಿ ವರ ಕೊಡ ಅನ್ನುತ್ತಾರಲ್ಲ, ಅಂಥ ಪೂಜಾರಿ.

ಹಾಗೆಂದು ಅವನು ದುಷ್ಟನೇನಲ್ಲ. ಬಲಮಂಡಿ ಕೆಟ್ಟಿತ್ತು. ಅಂಗಡಿಯ ಅಟ್ಟಕ್ಕೆ ಹದಿನಾಲ್ಕು ಮೆಟ್ಟಿಲಿನ ಕಬ್ಬಿಣದ ಏಣಿ. ಹತ್ತುವಾಗ ಒಂದು ನೋವು, ಇಳಿಯುವಾಗ ಒಂಬತ್ತು ನೋವು. ಹೀಗಾಗಿ ಅಟ್ಟದ ಮೇಲಿದ್ದ ಸಾಮಾನೆಲ್ಲ ಬರಬರುತ್ತಾ ಅಂಗಡಿಯಲ್ಲೇ ಇಲ್ಲದ ಸಾಮಾನಾಗಿಬಿಟ್ಟಿತು. ಇದು ಮಾಲೀಕಳಾದ ದೋನ್ಯಾ ಸೊಯ್ಲಾಗೂ ಗೊತ್ತಿತ್ತು. ಹೇಳಿ ಹೇಳಿ ಅವಳ ಬಾಯಿ ನೋಯುತ್ತಿತ್ತೇ ಹೊರತು ಇವನ ಮಂಡಿ ಸರಿಹೋಗುತ್ತಿರಲಿಲ್ಲ.

ಆ ಮಂಗಳವಾರ ಅಂಗಡಿ ಗಿಜಿಗುಡುತ್ತಿತ್ತು. ರಸ್ತೆ ತಡೆಯಿಂದಾಗಿ ಲೀಮಾದ ಲಾರಿಗಳು ಹತ್ತು ದಿನದಿಂದ ಗುಡ್ಡ ಹತ್ತಿರಲಿಲ್ಲ. ಬೀದಿಯ ಯಾವ ಅಂಗಡಿಯಲ್ಲೂ ಅರ್ಧ ಸಾಮಾನಿರಲಿಲ್ಲ. ಗೋಡೆಯ ಮೊಳೆಯಿಂದ ಒಂದೊಂದು ನಂಬರಿನ ಚೀಟಿ ಕಿತ್ತುಕೊಂಡು ಜನ ಕಾಯುತ್ತಿದ್ದರು. ಆದರೆ ಮೇಸ್ತ್ರಿಗಳಿಗೆ ಚೀಟಿ ಬೇಡ. ಅವರು ಪಕ್ಕದಿಂದ ಬಂದು ಕೌಂಟರಿಗೆ ಮೊಣಕೈ ಊರಿ "ನಿಕನೋರಣ್ಣಾ" ಎಂದರೆ ಸಾಕು, ಸಾಮಾನು ಕೈಗೆ ಬರುತ್ತಿತ್ತು. ನಲವತ್ತೊಂದನೆಯ ಚೀಟಿ ಹಿಡಿದು ನಿಂತಿದ್ದ ಹೆಂಗಸು ಹೀಗೆ ಮೂವರು ಮೇಸ್ತ್ರಿಗಳು ತನ್ನನ್ನು ದಾಟಿ ಹೋದದ್ದನ್ನು ನೋಡಿದಳು. ನಾಲ್ಕನೆಯವನು ಬಂದಾಗ ಸುಮ್ಮನಿರಲಾಗಲಿಲ್ಲ.

"ಏನಣ್ಣಾ, ಇದು ಅಂಗಡಿನೋ ನಿಮ್ಮ ಬೀಗರ ಮನೆನೋ? ನೆಂಟರಿಗೆಲ್ಲ ಬಡಿಸಿ ಮುಗೀಲಿ ಅಂತ ನಾವು ಕಾಯ್ತಾ ಇರ್ಬೇಕಾ?"

ಸಾಲಿನವರೆಲ್ಲ ನಕ್ಕರು. ಒಬ್ಬ ಮುದುಕನಂತೂ ಕಣ್ಣೀರು ಬರುವಷ್ಟು ನಕ್ಕ. ನಿಕನೋರನ ಕಿವಿ ಬಿಸಿಯಾಯಿತು.

"ಏನು ಬೇಕಮ್ಮ?"

"ಮೋಲ್ಡಿಗೆ ಇಡೋ ಎಂಟುಮೂಲೆ ಡಬ್ಬಿ, ದೀಪದ್ದು. ಎಂಟು ಕೊಡಿ. ಶನಿವಾರ ನಮ್ಮನೆ ಚಾವಣಿ ಮೋಲ್ಡು."

ಡಬ್ಬಿ ಇತ್ತು. ಅಟ್ಟದ ಮೇಲೆ, ಬಣ್ಣದ ಡಬ್ಬಗಳ ಹಿಂದೆ, ಮೂವತ್ತರ ಒಂದು ಪೆಟ್ಟಿಗೆ. ಅವನೇ ಇಟ್ಟಿದ್ದ.

"ಇಲ್ಲ. ಗುರುವಾರ ಬರುತ್ತೆ."

ಈ ಸಲ ಅಡ್ಡ ಬಂದದ್ದು ಮಂಡಿಯಲ್ಲ, ಬಿಸಿಯಾಗಿದ್ದ ಕಿವಿ. ಇದನ್ನು ಅವನು ಆಮೇಲೆ ತನಗೆ ತಾನೇ ಎಷ್ಟೋ ಸಲ ಹೇಳಿಕೊಂಡ.

ಗುರುವಾರ ಅವಳು ಮತ್ತೆ ಬಂದಳು. ಚೀಟಿ ಕಿತ್ತುಕೊಂಡು ತನ್ನ ಸರದಿಯವರೆಗೆ ಮಾತಿಲ್ಲದೆ ಕಾದಳು. ಸರದಿ ಬಂದಾಗ ಚೀಲದಿಂದ ಬಟ್ಟೆ ಸುತ್ತಿದ ಬಾಟಲಿಯೊಂದನ್ನು ತೆಗೆದು ಕೌಂಟರಿನ ಮೇಲಿಟ್ಟಳು. ಒಳಗೆ ಬಾರ್ಲಿ, ಅಗಸೆ ಹಾಕಿ ಕುದಿಸಿದ ಬಿಸಿ ಕಷಾಯ.

"ಮೊನ್ನೆ ಬಾಯಿ ಜಾಸ್ತಿ ಆಯ್ತು ನಂದು. ಬಸ್ ಸ್ಟ್ಯಾಂಡ್ ಹತ್ರ ಗಾಡೀಲಿ ಇದನ್ನೇ ಮಾರೋದು ನಾನು. ಕುಡೀರಿ, ಚಳಿಗೆ ಒಳ್ಳೇದು."

ಅವನು ಲೋಟಕ್ಕೆ ಬಗ್ಗಿಸಿಕೊಂಡು ಕುಡಿದ. ಒಳ್ಳೆಯ ಕಷಾಯ, ನಿಂಬೆಹುಳಿ ಹದವಾಗಿತ್ತು. ಆಗಲೇ ಏಣಿ ಹತ್ತಬಹುದಿತ್ತು. ಆದರೆ ಲಾರಿ ಬಂದಿಲ್ಲವೆಂಬುದು ಸಾಲಿನಲ್ಲಿ ನಿಂತ ಎಲ್ಲರಿಗೂ ಗೊತ್ತು. ಈಗ ಅಟ್ಟದಿಂದ ಪೆಟ್ಟಿಗೆ ಇಳಿಸಿದರೆ ಮಂಗಳವಾರ ಹೇಳಿದ್ದು ಸುಳ್ಳೆಂದು ಊರಿಗೇ ಡಂಗುರ ಸಾರಿದಂತೆ. ಬಿಸಿ ತುಪ್ಪ ಬಾಯಿಗೆ ಬಿದ್ದಂತಾಯಿತು, ನುಂಗುವಂತಿಲ್ಲ, ಉಗುಳುವಂತಿಲ್ಲ.

"ಲಾರಿ ಬರಲಿಲ್ಲಮ್ಮ," ಎಂದ. ಅಷ್ಟಕ್ಕೇ ನಿಲ್ಲಿಸಬಾರದೇ? "ಅಟ್ಟದಲ್ಲೂ ಹುಡುಕಿದೆ. ಒಂದೂ ಸಿಗಲಿಲ್ಲ."

"ಆ ಕಾಲಿಟ್ಕೊಂಡು ಅಟ್ಟ ಹತ್ತಿದ್ರಾ? ಅಯ್ಯೋ ಪಾಪ," ಎಂದಳು ಅವಳು. ಕೌಂಟರಿನ ಹಿಂದೆ ಅವನು ಕುಂಟುವುದನ್ನು ಅವಳು ಗಮನಿಸಿದ್ದಳು. ಅವನಿಗಾಗಿ ಮರುಗಿ, ಬರಿಗೈಯಲ್ಲಿ ಹೊರಟುಹೋದಳು. ಉಳಿದ ಕಷಾಯವನ್ನು ಅವನು ಚೆಲ್ಲಲೂ ಇಲ್ಲ, ಕುಡಿಯಲೂ ಇಲ್ಲ.

ಶುಕ್ರವಾರ ಸಂಜೆ ಪಕ್ಕದ ಮನೆಯ ಅಬುಂದಿಯೊ ಮೇಸ್ತ್ರಿ ಬಂದು ಬಾಗಿಲು ಬಡಿದ. ಎರಡು ವರ್ಷದ ಹಿಂದೆ ನಿಕನೋರನ ಮನೆಯ ಮೋಲ್ಡಿಗೆ ಅವನು ಬೆಳಗಿನಿಂದ ಸಂಜೆಯವರೆಗೆ ಬಕೆಟ್ ಹೊತ್ತಿದ್ದ. ಆ ಊರಲ್ಲಿ ಮೋಲ್ಡಿಗೆ ಕೂಲಿಯವರನ್ನು ಕರೆಯುವುದಿಲ್ಲ, ಮುಯ್ಯಾಳು. ಇವತ್ತು ನೀನು ನನಗೆ, ನಾಳೆ ನಾನು ನಿನಗೆ.

"ನಿನ್ನ ಮುಯ್ಯಿ ತೀರಿಸೋ ದಿನ ಬಂತಪ್ಪ," ಎಂದ ಅಬುಂದಿಯೊ. "ನಾಳೆ ನಮ್ಮಕ್ಕನ ಮನೆ ಮೋಲ್ಡು, ಮೇಲಿನ ಬಡಾವಣೇಲಿ. ಏಳಕ್ಕೆಲ್ಲ ಬಂದ್ಬಿಡು. ಮಂಡಿಗಿಂಡಿ ಅಂತ ನೆಪ ಹೇಳ್ಬೇಡ."

ಊರಲ್ಲಿ ಶನಿವಾರ ಹತ್ತು ಮನೆಗೆ ಮೋಲ್ಡು ಬೀಳುತ್ತದೆ. ಆದರೂ ನಿಕನೋರನಿಗೆ ಅಂದು ನಿದ್ದೆ ಸರಿಯಾಗಿ ಹತ್ತಲಿಲ್ಲ.

ಬೆಳಿಗ್ಗೆ ಹೋಗಿ ನೋಡಿದರೆ ಅದೇ ಹೆಂಗಸು. ದೆಲ್ಫೀನಾ ಎಂದು ಅವಳ ಹೆಸರು. ತಲೆಗೆ ಬಟ್ಟೆ ಕಟ್ಟಿಕೊಂಡು ಹಂಡೆಯ ಮುಂದೆ ನಿಂತಿದ್ದವಳು ಇವನನ್ನು ಕಂಡದ್ದೇ ಸೌಟು ಕೆಳಗಿಟ್ಟಳು.

"ನೋಡ್ರೇ, ನಾನು ಹೇಳಿದ್ನಲ್ಲ ಹಾರ್ಡ್‌ವೇರ್ ಅಂಗಡಿಯವರು, ಇವರೇ. ಕಾಲು ನೋವಿದ್ರೂ ಅಟ್ಟ ಹತ್ತಿ ಹುಡುಕಿದ್ರು ಪಾಪ. ನಮ್ಮ ಅದೃಷ್ಟ, ಸಿಗಲಿಲ್ಲ, ಅವರೇನು ಮಾಡ್ತಾರೆ?"

ಆಲೂಗಡ್ಡೆ ಸುಲಿಯುತ್ತಿದ್ದ ಹೆಂಗಸರು ಇವನನ್ನು ಮೆಚ್ಚಿಕೆಯಿಂದ ನೋಡಿದರು. ನಿಕನೋರ್ ಬಕೆಟ್ ಹುಡುಕುವವನಂತೆ ಅತ್ತ ತಿರುಗಿದ.

ಮೇಲೆ ಸೆಂಟ್ರಿಂಗ್ ಹಲಗೆಯ ಮೇಲೆ ಕಂಬಿ ಕಟ್ಟಿ ಮುಗಿದಿತ್ತು. ದೀಪದ ಎಂಟು ಜಾಗಗಳಲ್ಲಿ ಅಬುಂದಿಯೊ ಹಾಲಿನ ಖಾಲಿ ಟಿನ್ನುಗಳನ್ನು ಬೋರಲು ಹಾಕಿ, ಒಳಗೆ ಕಾಗದ ತುರುಕಿ ಕೂರಿಸುತ್ತಿದ್ದ.

"ಇದು ಸಾಕಾಗುತ್ತಾ ಮೇಸ್ತ್ರಿ?" ಎಂದು ನಿಕನೋರ್ ಕೇಳಿದ.

"ಎಲ್ಲಿ ಸಾಕಾಗುತ್ತೆ? ತುಕ್ಕು ಹಿಡಿಯುತ್ತೆ, ಅಂಚು ವೈರ್ ಕೊಯ್ಯುತ್ತೆ. ಮಳೆಗಾಲದಲ್ಲಿ ಸ್ವಿಚ್ ಮುಟ್ಟಿದ್ರೆ ಜುಂ ಅನ್ನುತ್ತೆ. ಇನ್ನೇನು ಮಾಡೋದು? ಮಿಕ್ಸರ್ ಮಧ್ಯಾಹ್ನದವರೆಗೆ ಮಾತ್ರ, ಇಪ್ಪತ್ತು ಜನ ಕೆಲಸ ಬಿಟ್ಟು ಬಂದವ್ರೆ. ಇವರನ್ನೆಲ್ಲ ವಾಪಸ್ ಕಳಿಸಿ ಇನ್ನೊಂದು ಶನಿವಾರ ಕರೆದ್ರೆ, ಅಕ್ಕ ಎರಡೆರಡು ಮುಯ್ಯಿ ತೀರಿಸ್ಬೇಕು. ಒಂಟಿ ಹೆಂಗಸು, ನಲವತ್ತು ದಿನ ಯಾರ ಮನೇಲಿ ಅಂತ ದುಡೀತಾಳೆ?"

ಮಿಕ್ಸರ್ ಗಡಗಡ ಶುರುವಾಯಿತು. ಬಕೆಟ್ಟುಗಳು ಹಲಗೆಯ ಇಳಿಜಾರಿನಲ್ಲಿ ಸಾಲಾಗಿ ಏರತೊಡಗಿದವು. ಅಂಗಡಿಯ ಏಣಿ ಹತ್ತಲಾರದ ನಿಕನೋರ್ ಇಲ್ಲಿ ಹೆಗಲ ಮೇಲೆ ಬಕೆಟ್ ಹೊತ್ತು ಹತ್ತಿದ, ಇಳಿದ, ಮತ್ತೆ ಹತ್ತಿದ. ಯಾರೋ ಹಿಂದಿನಿಂದ "ಡಬ್ಬಿ" ಅಂದದ್ದೇ ಅವನ ಎದೆ ಧಸಕ್ಕೆಂದಿತು. ತಿರುಗಿ ನೋಡಿದರೆ ಮಿಕ್ಸರಿನವನು ಗ್ರೀಸಿನ ಡಬ್ಬಿ ಕೇಳುತ್ತಿದ್ದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವುದು ಸುಮ್ಮನೆ ಹುಟ್ಟಿದ ಮಾತಲ್ಲ.

ಹನ್ನೆರಡನೆಯ ಬಕೆಟ್ ಸುರಿದಾಗ ಮೊದಲನೆಯ ಟಿನ್ ಮುಚ್ಚಿಹೋಯಿತು. ಅದು ಮುಚ್ಚಿದ್ದು ಅವನದೇ ಬಕೆಟ್ಟಿನಿಂದ. ಇಪ್ಪತ್ತು ವರ್ಷವಾದರೂ ಆ ಟಿನ್ ಅಲ್ಲೇ ಇರುತ್ತದೆ, ಇವಳು ದಿನಾ ಅದರ ಕೆಳಗೆ ಕಷಾಯ ಕುದಿಸುತ್ತಾಳೆ, ಒದ್ದೆ ಕೈಯಲ್ಲಿ ಸ್ವಿಚ್ ಮುಟ್ಟುತ್ತಾಳೆ. ನಿಕನೋರ್ ಬಕೆಟ್ ಕೆಳಗಿಟ್ಟ.

"ಮೇಸ್ತ್ರಿ, ಆ ಕಡೆ ಹಾಕ್ಬೇಡ. ಅರ್ಧ ಗಂಟೆ ಈ ಮೂಲೆಯಲ್ಲೇ ಹಾಕ್ತಿರು. ಈಗ ಬಂದೆ."

"ಎಲ್ಲಿಗೋ ಮಾರಾಯ?"

ನಿಕನೋರ್ ಆಗಲೇ ಇಳಿದು ಆಟೊ ಹತ್ತಿದ. ಅಂಗಡಿಗೆ ಹೋಗಿ, ಸಿಮೆಂಟು ಮೆತ್ತಿದ ಕಾಲಲ್ಲೇ ಹದಿನಾಲ್ಕು ಮೆಟ್ಟಿಲು ಹತ್ತಿದ. ಪೆಟ್ಟಿಗೆ ಇಟ್ಟಲ್ಲೇ ಇತ್ತು, ಮೇಲೆ ಒಂದು ಬೆರಳು ಧೂಳು. ಕೆಳಗಿನಿಂದ ಸೊಯ್ಲಾ, "ಏನು ಮಳೆ ಬರುತ್ತೋ ಏನೋ, ನಿಕನೋರ್ ಅಟ್ಟ ಹತ್ತಿದ," ಎಂದಳು. ಅವನಿಗೆ ನಗು ಬರಲಿಲ್ಲ. ಎಂಟು ಡಬ್ಬಿ ತನ್ನ ಹೆಸರಿಗೆ ಬರೆದುಕೊಳ್ಳಲು ಹೇಳಿ ಹೊರಟ.

ಡಬ್ಬಿ ಕಂಡಾಗ ಮೇಲಿದ್ದವರೆಲ್ಲ ಹೋ ಎಂದರು. ಮೊದಲ ಟಿನ್ನಿನ ಮೇಲಿನ ಹಸಿ ಕಾಂಕ್ರೀಟನ್ನು ನಿಕನೋರ್ ಮಂಡಿಯೂರಿ ಬರಿಗೈಯಲ್ಲೇ ತೋಡಿದ. ಜಲ್ಲಿ ಉಗುರಿನ ಸಂದಿಗೆ ಹೊಕ್ಕಿತು. ಟಿನ್ ಕಿತ್ತು ಡಬ್ಬಿ ಕೂರಿಸುವವರೆಗೆ ಬೇರೆಯವರ ಕೈ ತಾಗಗೊಡಲಿಲ್ಲ.

"ಎಲ್ಲಿ ಸಿಕ್ತೋ?" ಎಂದು ಅಬುಂದಿಯೊ ಕೇಳಿದ.

ಅವನು ಬಾಯಿ ತೆರೆಯುವ ಮೊದಲೇ ಕೆಳಗಿನಿಂದ ದೆಲ್ಫೀನಾ, "ಊರೆಲ್ಲ ಸುತ್ತಿರ್ತಾರೆ ಪಾಪ, ಅವರನ್ನೇನು ಕೇಳ್ತೀಯ?" ಎಂದಳು. ನಿಕನೋರ್ ಮುಂದಿನ ಟಿನ್ನಿಗೆ ಕೈಹಾಕಿದ. ಮೂರನೆಯ ಸುಳ್ಳನ್ನು ಅವಳೇ ಅವನ ಪರವಾಗಿ ಹೇಳಿ ಕೊಟ್ಟಿದ್ದಳು, ಅವನು ಇಸಿದುಕೊಂಡ.

ಒಂದು ಗಂಟೆಗೆ ಮೋಲ್ಡು ಮುಗಿಯಿತು. ಅಲ್ಲಿಯ ಪದ್ಧತಿಯಂತೆ ಹೊಸ ಚಾವಣಿಗೆ ಒಬ್ಬ ಧರ್ಮಪಿತ ಬೇಕು. ಅವನು ಮೇಲೆ ನಿಂತು ಮದ್ಯದ ಬಾಟಲಿ ಒಡೆಯಬೇಕು, ಅವನ ಹೆಸರನ್ನು ಹಸಿ ಕಾಂಕ್ರೀಟಿನ ಅಂಚಿನಲ್ಲಿ ಮೊಳೆಯಿಂದ ಗೀರಬೇಕು. ಬಾಟಲಿ ಒಡೆಯಬೇಕಿದ್ದವನು ಅಬುಂದಿಯೊ. ದೆಲ್ಫೀನಾ ಮೇಲೆ ಬಂದು ಬಾಟಲಿಯನ್ನು ನಿಕನೋರನ ಕೈಗಿತ್ತಳು.

"ನೀವೇ ಒಡೀಬೇಕು, ದೋನ್ ನಿಕನೋರ್. ನಮ್ಮ ತಮ್ಮನೂ ಒಪ್ಪಿದ್ದಾನೆ. ಇವತ್ತಿಂದ ನೀವು ನಮಗೆ ಕಂಪಾದ್ರೆ, ಮನೆಯವರಿದ್ದ ಹಾಗೆ." ಮೊಳೆ ಹಿಡಿದು ಬಗ್ಗಿ, ಹೆಸರಿನ ಮೊದಲ ಅಕ್ಷರ ಗೀರತೊಡಗಿದಳು.

"ಬರೀಬೇಡಿ," ಎಂದ ಅವನು. "ಡಬ್ಬಿ ನಮ್ಮ ಅಟ್ಟದಲ್ಲೇ ಇತ್ತು."

ಅವಳು ತಲೆಯೆತ್ತಿದಳು. "ಇವತ್ತು ಸಿಕ್ತಾ?"

"ಇಲ್ಲ. ಮೊದಲಿಂದ್ಲೂ ಇತ್ತು. ನನಗೆ ಗೊತ್ತಿತ್ತು."

"ಮಂಗಳವಾರನೂ?"

"ಮಂಗಳವಾರನೂ. ನೀವು ಎಲ್ಲರೆದುರು ಅಂದ್ರಲ್ಲ, ಆ ಸಿಟ್ಟಿಗೆ ಇಲ್ಲ ಅಂದೆ."

"ಗುರುವಾರ ನಾನು ತಂದ ಕಷಾಯ ಕುಡಿಯೋವಾಗ್ಲೂ ಗೊತ್ತಿತ್ತಾ?"

"ಗೊತ್ತಿತ್ತು."

ಅವಳು ಬೈಯಬಹುದೆಂದು ನಿಕನೋರ್ ಕಾದ. ಬೈದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು. ಅವಳು ಗೀರಿದ್ದ ಅಕ್ಷರವನ್ನು ಹೆಬ್ಬೆರಳಿನಿಂದ ತಿಕ್ಕಿ ಅಳಿಸಿದಳು, ಬಾಟಲಿಯನ್ನು ಅವನ ಕೈಯಿಂದ ಮೆತ್ತಗೆ ತೆಗೆದುಕೊಂಡು ತಮ್ಮನಿಗೆ ಕೊಟ್ಟಳು.

"ನಿಮ್ಮ ಎರಡು ದಿನ ನಾನು ಹಾಳು ಮಾಡಿದೆ," ಎಂದ ನಿಕನೋರ್. "ಮುಯ್ಯಿ ತೀರಿಸ್ತೀನಿ. ಎರಡು ದಿನ ಬಂದು ಗಾಡಿ ತಳ್ತೀನಿ. ನಾಲ್ಕು ದಿನ ಬೇಕಾದ್ರೂ ಬರ್ತೀನಿ."

"ಏನೂ ಬೇಡ. ನಮ್ಮಿಬ್ಬರ ಮಧ್ಯೆ ಯಾವ ಮುಯ್ಯೀನೂ ಇಲ್ಲ," ಎಂದಳು ಅವಳು, ಬಹಳ ಮರ್ಯಾದೆಯಿಂದ.

ಆ ಊರಲ್ಲಿ ಇದಕ್ಕಿಂತ ಕೆಟ್ಟ ಬೈಗುಳ ಇಲ್ಲ. ಒಬ್ಬರಿಗೊಬ್ಬರು ಒಂದಾದರೂ ದಿನ ಬಾಕಿ ಇದ್ದರೇ ಅಲ್ಲಿ ನೆರೆಹೊರೆ. ಬಾಕಿಯೇ ಇಲ್ಲದವನು ದಾರಿಹೋಕ. ನಿಕನೋರನಿಗೆ ಅದು ಚೆನ್ನಾಗಿ ಗೊತ್ತಿತ್ತು, ಅವನೂ ಅಲ್ಲೇ ಹುಟ್ಟಿ ಬೆಳೆದವನು.

ಕೆಳಗೆ ಊಟಕ್ಕೆ ಎಲ್ಲರೂ ಮಿಕ್ಕ ಸೆಂಟ್ರಿಂಗ್ ಹಲಗೆಗಳ ಮೇಲೆ ಒತ್ತೊತ್ತಾಗಿ ಕೂತು, ಒಬ್ಬರ ತಟ್ಟೆಗೆ ಇನ್ನೊಬ್ಬರು ಕೈಹಾಕುತ್ತ ಗಲಾಟೆ ಮಾಡುತ್ತಿದ್ದರು. ನಿಕನೋರ್ ಹೊರಡಲು ನೋಡಿದ. ದೆಲ್ಫೀನಾ ಬಿಡಲಿಲ್ಲ. ಒಳಗಿನಿಂದ ಮನೆಯ ಒಂದೇ ಒಂದು ಕುರ್ಚಿ ತಂದು ಬೇರೆಯಾಗಿ ಹಾಕಿದಳು, ಎಲ್ಲರಿಗಿಂತ ಮೊದಲು ಅವನಿಗೆ ಬಡಿಸಿದಳು, ಚೀಸು-ಮೆಣಸಿನ ಗೊಜ್ಜು ಸುರಿದ ಆಲೂಗಡ್ಡೆ, ತಟ್ಟೆ ತುಂಬ. ಅವನು ತಲೆ ತಗ್ಗಿಸಿ ತಿಂದ.

ಅವಳು ಸೌಟು ಹಿಡಿದು ಮತ್ತೆ ಬಂದಳು. "ಸಂಕೋಚ ಮಾಡ್ಕೋಬೇಡಿ ಸಾರ್. ಇನ್ನೂ ಸ್ವಲ್ಪ ಹಾಕ್ಲಾ?"